ಮೂಳೆ ಬೆಳೆಯುವವರೆಗೆ ನಿಲ್ಲುವ ಹಂದರ

ಮೊಣಕಾಲಿನ ಕೆಳಗೆ, ಕಾಲಿನ ಮುಂಭಾಗದಲ್ಲಿ ಬೆರಳಾಡಿಸಿ ನೋಡಿ. ಚರ್ಮದ ಅಡಿಯಲ್ಲೇ ಮೂಳೆ ಸಿಗುತ್ತದೆ. ತೊಡೆಯ ಮೂಳೆಗೆ ಸುತ್ತಲೂ ದಪ್ಪ ಸ್ನಾಯುಗಳ ಕಾವಲಿದೆ. ಕಾಲಿನ ಈ ಮೂಳೆಗೆ, ಅಂದರೆ ಟಿಬಿಯಾಕ್ಕೆ, ಮುಂದುಗಡೆ ಅಂಥ ಕಾವಲಿಲ್ಲ. ಬೈಕಿನಿಂದ ಬಿದ್ದವರಲ್ಲಿ, ಕಾರಿನ ಬಂಪರ್ ಬಡಿದವರಲ್ಲಿ ಇದು ಮುರಿದರೆ ಎಷ್ಟೋ ಸಲ ಚರ್ಮವನ್ನು ಸೀಳಿಕೊಂಡು ಹೊರಗೆ ಬಂದುಬಿಡುತ್ತದೆ. ಕೆಲವು ಚೂರುಗಳು ರಸ್ತೆಯಲ್ಲೇ ಉಳಿಯುತ್ತವೆ. ಮಣ್ಣು ಮೆತ್ತಿದ, ರಕ್ತ ಹರಿಯದೆ ಸತ್ತುಹೋದ ಚೂರುಗಳನ್ನು ಸೋಂಕಿನ ಭಯಕ್ಕೆ ಸರ್ಜನ್ನರೇ ತೆಗೆಯಬೇಕಾಗುತ್ತದೆ. ಆಪರೇಷನ್ ಮುಗಿದ ಮೇಲಿನ ಎಕ್ಸ್‌ರೇಯಲ್ಲಿ ರಾಡ್ ಕಾಣುತ್ತದೆ, ಸ್ಕ್ರೂಗಳು ಕಾಣುತ್ತವೆ; ನಡುವೆ ಮೂರೋ ನಾಲ್ಕೋ ಸೆಂಟಿಮೀಟರ್ ಮೂಳೆಯೇ ಇಲ್ಲ.

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು, 4,43,366 ಜನ ಗಾಯಗೊಂಡರು. ಸತ್ತವರ ಸಂಖ್ಯೆ ಪತ್ರಿಕೆಯ ಮುಖಪುಟಕ್ಕೆ ಬರುತ್ತದೆ. ಗಾಯಗೊಂಡವರಲ್ಲಿ ಎಷ್ಟು ಮಂದಿ ಊರುಗೋಲು ಹಿಡಿದು ವರ್ಷಗಟ್ಟಲೆ ಆಸ್ಪತ್ರೆಗೆ ಅಲೆದರು, ಎಷ್ಟು ಮಂದಿ ಕೆಲಸ ಬಿಟ್ಟರು, ಎಷ್ಟು ಮನೆಗಳಲ್ಲಿ ಒಡವೆ ಅಡವಿಗೆ ಹೋಯಿತು ಎಂಬುದು ಯಾವ ಕೋಷ್ಟಕಕ್ಕೂ ಸೇರುವುದಿಲ್ಲ. ‘ಇನ್ನೂ ಮೂಳೆ ಕೂಡಿಲ್ಲ’ ಎಂಬ ಮಾತು ಕೇಳಿ ಕೇಳಿ ಸುಸ್ತಾದ ಮನೆಗಳು ನಮ್ಮ ಪ್ರತಿ ತಾಲ್ಲೂಕಿನಲ್ಲೂ ಇವೆ. ಕರಗುವ ಪಾಲಿಮರ್‌ನಿಂದ ಮೂಳೆಗೆ ಹಂದರ ಕಟ್ಟುವ ವಿಜ್ಞಾನದ ಬಗ್ಗೆ ನನಗೆ ಆಸಕ್ತಿ ಹುಟ್ಟಿದ್ದು ಈ ಕಾರಣಕ್ಕೆ. ‘ಲ್ಯಾಬಿನಲ್ಲಿ ಮೂಳೆ ಪ್ರಿಂಟ್ ಮಾಡಿದರು’ ಎಂಬ ಸುದ್ದಿ ವರ್ಷಕ್ಕೆ ನಾಲ್ಕು ಬಾರಿ ಬರುತ್ತದೆ. ಅದರ ಹಿಂದಿನ ಕಥೆ ಆ ಸುದ್ದಿಗಿಂತ ಬಹಳ ನಿಧಾನದ್ದು, ಬಹಳ ಕಷ್ಟದ್ದು.

ಮುರಿದ ಮೂಳೆ ತಾನಾಗಿ ಕೂಡುತ್ತದೆ ಎಂಬುದನ್ನು ಮೊದಲು ನೆನಪಿಡಬೇಕು. ಚರ್ಮ ಆಳವಾಗಿ ಸೀಳಿದರೆ ಕಲೆ ಉಳಿಯುತ್ತದೆ. ಹೃದಯದ ಸ್ನಾಯು ಸತ್ತರೂ ಅಷ್ಟೇ. ಮೂಳೆ ಹಾಗಲ್ಲ, ವಾಸಿಯಾದ ಜಾಗದಲ್ಲಿ ಮತ್ತೆ ಅಸಲಿ ಮೂಳೆಯೇ ಹುಟ್ಟುತ್ತದೆ. ಮುರಿದ ಕೂಡಲೇ ಅಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪಿನೊಳಕ್ಕೆ ಹೊಸ ರಕ್ತನಾಳಗಳು ನುಗ್ಗುತ್ತವೆ, ಜೊತೆಗೆ ಮೂಳೆ ಕಟ್ಟಬಲ್ಲ ಕೋಶಗಳೂ ಬರುತ್ತವೆ. ಮೊದಲು ಮೆತ್ತನೆಯ ಗಂಟು, ಆಮೇಲೆ ಸುಣ್ಣ ಸೇರಿ ಗಟ್ಟಿಯಾದ ಗಂಟು. ಮುಂದೆ ತಿಂಗಳುಗಟ್ಟಲೆ ಒಂದು ಬಗೆಯ ಕೋಶಗಳು ಹೆಚ್ಚಾದದ್ದನ್ನು ಕರಗಿಸುತ್ತಾ, ಇನ್ನೊಂದು ಬಗೆಯವು ಬೇಕಾದಲ್ಲಿ ಕಟ್ಟುತ್ತಾ ಮೂಳೆಗೆ ಹಳೆಯ ಆಕಾರವನ್ನೇ ಕೊಡುತ್ತವೆ. ಬಿದಿರಿನ ದಬ್ಬೆ ಕಟ್ಟಿ ಮೂಳೆ ಕೂಡಿಸುವ ನಾಟಿ ವೈದ್ಯರು ತಲೆಮಾರುಗಳಿಂದ ನೆಚ್ಚಿಕೊಂಡಿರುವುದು ಮೂಳೆಯ ಈ ಶಕ್ತಿಯನ್ನೇ. ಆಸ್ಪತ್ರೆಯ ಪ್ಲಾಸ್ಟರ್ ನೆಚ್ಚಿಕೊಂಡಿರುವುದೂ ಅದನ್ನೇ.

ಆದರೆ ಆ ಶಕ್ತಿಗೆ ಒಂದು ಮಿತಿ ಇದೆ. ಎರಡು ತುದಿಗಳ ನಡುವಿನ ಅಂತರ ಒಂದೆರಡು ಸೆಂಟಿಮೀಟರ್ ಮೀರಿದರೆ, ಸುತ್ತಳತೆಯ ಅರ್ಧಕ್ಕಿಂತ ಹೆಚ್ಚು ಹೋಗಿದ್ದರೆ, ಟಿಬಿಯಾದಂಥ ಮೂಳೆ ಆ ಖಾಲಿ ಜಾಗವನ್ನು ದಾಟಲಾರದು. ಅಲ್ಲಿ ನಾರಿನಂಥ ಅಂಗಾಂಶ ತುಂಬಿಕೊಂಡುಬಿಡುತ್ತದೆ. ಮೂಳೆ ಕಟ್ಟುವ ಕೋಶಗಳಿಗೆ ಕಾಲೂರಲು ನೆಲವೇ ಸಿಗುವುದಿಲ್ಲ.

ಇಂಥ ಅಂತರ ತುಂಬಲು ಇವತ್ತಿಗೂ ವೈದ್ಯರ ಮೊದಲ ಆಯ್ಕೆ ರೋಗಿಯದೇ ಮೂಳೆ. ಸೊಂಟದ ಅಂಚಿನಿಂದ ಸ್ವಲ್ಪ ಕೆತ್ತಿ ತೆಗೆದು ತುಂಬುತ್ತಾರೆ. ಅದರಲ್ಲಿ ಎಲ್ಲವೂ ಇದೆ: ಕೋಶಗಳು, ಬೆಳವಣಿಗೆಗೆ ಬೇಕಾದ ರಾಸಾಯನಿಕ ಸಂಕೇತಗಳು, ನಿಲ್ಲಲು ಬೇಕಾದ ಗಟ್ಟಿ ಜಾಲ. ಇದಕ್ಕಿಂತ ಒಳ್ಳೆಯ ವಸ್ತುವನ್ನು ಯಾವ ಪ್ರಯೋಗಾಲಯವೂ ಈವರೆಗೆ ಮಾಡಿಲ್ಲ. ತೊಡಕೆಂದರೆ ಸೊಂಟದಲ್ಲಿ ಸಿಗುವುದು ಸ್ವಲ್ಪವೇ. ತೆಗೆದ ಜಾಗದ ನೋವು ಕೆಲವರಿಗೆ ಮುರಿದ ಕಾಲಿನ ನೋವಿಗಿಂತ ಹೆಚ್ಚು ದಿನ ಕಾಡುತ್ತದೆ. ಬೋನ್ ಬ್ಯಾಂಕಿನಲ್ಲಿ ದಾನಿಗಳ ಮೂಳೆ ಸಿಗಬಹುದು. ಸಂಸ್ಕರಿಸಿದ ಮೇಲೆ ಅದರಲ್ಲಿ ಜೀವವಿರುವುದಿಲ್ಲ. ಅಂಥ ಬ್ಯಾಂಕುಗಳು ನಮ್ಮಲ್ಲಿ ಬೆರಳೆಣಿಕೆಯಷ್ಟೇ.

ಸೈಬೀರಿಯಾದ ಕುರ್ಗಾನ್ ಎಂಬ ಊರಿನಲ್ಲಿ ಗವ್ರಿಲ್ ಇಲಿಜರೋವ್ ಎಂಬ ವೈದ್ಯ 1950ರ ದಶಕದಲ್ಲಿ ಕಂಡುಕೊಂಡ ದಾರಿ ಬೇರೆ. ಆರೋಗ್ಯವಾಗಿರುವ ಭಾಗದಲ್ಲಿ ಮೂಳೆಯನ್ನು ಕತ್ತರಿಸಿ, ಕಾಲಿನ ಸುತ್ತ ಉಂಗುರಗಳ ಚೌಕಟ್ಟು ಹಾಕಿ, ದಿನಕ್ಕೆ ಒಂದು ಮಿಲಿಮೀಟರಿನಂತೆ ತುಂಡನ್ನು ಎಳೆಯುತ್ತಾ ಹೋಗುವುದು. ಎಳೆದಂತೆಲ್ಲ ಹಿಂದೆ ಹೊಸ ಮೂಳೆ ಹುಟ್ಟುತ್ತದೆ. ಅದ್ಭುತವಾದ ವಿಧಾನ. ಆದರೆ ಐದು ಸೆಂಟಿಮೀಟರ್ ದಾಟಲು ಐವತ್ತು ದಿನ ಬೇಕು. ಹೊಸ ಮೂಳೆ ಗಟ್ಟಿಯಾಗಲು ಇನ್ನೆಷ್ಟೋ ತಿಂಗಳು. ಅಷ್ಟು ಕಾಲವೂ ಚರ್ಮದ ಮೂಲಕ ಹಾದುಹೋಗುವ ತಂತಿಗಳ ಗಾಯವನ್ನು ದಿನಾ ತೊಳೆಯುತ್ತಾ, ಆ ಚೌಕಟ್ಟು ಹೊತ್ತುಕೊಂಡೇ ನಡೆದಾಡಬೇಕು. ಫ್ರಾನ್ಸಿನ ಅಲೈನ್ ಮಾಸ್ಕೆಲೆ 1980ರ ದಶಕದಲ್ಲಿ ರೂಪಿಸಿದ ವಿಧಾನದಲ್ಲಿ ಖಾಲಿ ಜಾಗಕ್ಕೆ ಮೊದಲು ಮೂಳೆಗೆ ಬಳಸುವ ಸಿಮೆಂಟಿನ ಗಟ್ಟಿ ಇಡುತ್ತಾರೆ. ಆರರಿಂದ ಎಂಟು ವಾರಗಳಲ್ಲಿ ಅದರ ಸುತ್ತ ದೇಹವೇ ರಕ್ತನಾಳಗಳು ತುಂಬಿದ ಒಂದು ಪೊರೆ ಬೆಳೆಸುತ್ತದೆ. ಆಗ ಮತ್ತೆ ತೆರೆದು, ಸಿಮೆಂಟ್ ತೆಗೆದು, ಪೊರೆಯ ಚೀಲದೊಳಗೆ ಸೊಂಟದ ಮೂಳೆಯ ಚೂರುಗಳನ್ನು ತುಂಬುತ್ತಾರೆ. ಎರಡನೆಯ ಸುತ್ತಿಗೆ ಮತ್ತೆ ಅದೇ ಸೊಂಟ.

ಹಾಗಾದರೆ ಕೋಶಗಳಿಗೆ ಕಾಲೂರಲು ನೆಲ ಒದಗಿಸಿ, ಅವು ತಮ್ಮ ನೆಲವನ್ನು ತಾವೇ ಕಟ್ಟಿಕೊಂಡ ಮೇಲೆ ಸದ್ದಿಲ್ಲದೆ ಕರಗಿ ಹೋಗುವ ವಸ್ತುವೊಂದಿದ್ದರೆ? ಹೀರೆಬಳ್ಳಿಗೆ ಹಾಕುವ ಹಂದರದಂಥದ್ದು, ಆದರೆ ಬಳ್ಳಿಯ ಕಾಂಡ ಗಟ್ಟಿಯಾದಂತೆ ಗಳುಗಳು ಒಂದೊಂದಾಗಿ ಮಾಯವಾಗಬೇಕು. ಅರವತ್ತು ವರ್ಷಗಳ ಸಂಶೋಧನೆ ಬೆನ್ನು ಹತ್ತಿರುವುದು ಇದನ್ನೇ.

ವಸ್ತು ಸಿಕ್ಕಿದ್ದು ಹೊಲಿಗೆಯ ದಾರದಲ್ಲಿ. ಹೆರಿಗೆಯ ಸಮಯದಲ್ಲೋ ಹಲ್ಲು ಕೀಳಿಸಿದಾಗಲೋ ‘ಕರಗುವ ಹೊಲಿಗೆ ಹಾಕಿದ್ದೇವೆ, ಬಿಚ್ಚಿಸಬೇಕಿಲ್ಲ’ ಎಂದು ವೈದ್ಯರು ಹೇಳಿರುತ್ತಾರಲ್ಲ, ಆ ದಾರ ಬಹುಪಾಲು ಪಾಲಿಗ್ಲೈಕಾಲಿಕ್ ಆಮ್ಲ ಅಥವಾ ಅದಕ್ಕೆ ಸ್ವಲ್ಪ ಪಾಲಿಲ್ಯಾಕ್ಟಿಕ್ ಆಮ್ಲ ಸೇರಿಸಿ ಮಾಡಿದ್ದು. 1970ರ ದಶಕದಲ್ಲಿ ಡೆಕ್ಸಾನ್, ವಿಕ್ರಿಲ್ ಎಂಬ ಹೆಸರಿನಲ್ಲಿ ಇವು ಆಸ್ಪತ್ರೆಗಳಿಗೆ ಬಂದವು. ಅದಕ್ಕೂ ಮುಂಚೆ, 1966ರಲ್ಲಿ, ಅಮೆರಿಕದ ಸೇನಾ ಪ್ರಯೋಗಾಲಯದಲ್ಲಿದ್ದ ಆರ್.ಕೆ. ಕುಲಕರ್ಣಿ ಮತ್ತು ಸಂಗಡಿಗರು ಪಾಲಿಲ್ಯಾಕ್ಟಿಕ್ ಆಮ್ಲವನ್ನು ಶಸ್ತ್ರಚಿಕಿತ್ಸೆಯಲ್ಲಿ ದೇಹದೊಳಗೆ ಇಡಬಹುದೆಂದು ತೋರಿಸುವ ಪ್ರಬಂಧ ಪ್ರಕಟಿಸಿದ್ದರು. ಈ ಕ್ಷೇತ್ರದ ಮೊದಲ ಪ್ರಬಂಧಗಳಲ್ಲಿ ಒಂದೆಂದು ಇಂದಿಗೂ ಅದನ್ನು ಉಲ್ಲೇಖಿಸುತ್ತಾರೆ.

ಕರಗುವುದೆಂದರೆ ಇಲ್ಲಿ ಸಕ್ಕರೆ ಕರಗಿದ ಹಾಗಲ್ಲ. ಪಾಲಿಮರ್ ಎಂದರೆ ಸಣ್ಣ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡ ಉದ್ದನೆಯ ಸರಪಳಿ. ಈ ಜಾತಿಯ ಪಾಲಿಮರ್‌ಗಳ ಕೊಂಡಿ ಎಸ್ಟರ್ ಕೊಂಡಿ. ಅದನ್ನು ಕಡಿಯಲು ನೀರು ಸಾಕು. ದೇಹದ ತುಂಬಾ ನೀರೇ ಇರುವುದರಿಂದ ಒಳಗೆ ಇಟ್ಟ ಗಳಿಗೆಯಿಂದಲೇ ಸರಪಳಿಗಳು ತುಂಡಾಗತೊಡಗುತ್ತವೆ. ಮೊದಲು ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ವಸ್ತು ಅಷ್ಟೇ ದಪ್ಪ, ಅಷ್ಟೇ ತೂಕ. ಆದರೆ ಶಕ್ತಿ ಇಳಿಯುತ್ತಿರುತ್ತದೆ. ಸರಪಳಿಗಳು ಸಾಕಷ್ಟು ಗಿಡ್ಡವಾದ ಮೇಲೆ ಚೂರುಗಳು ಬಿಟ್ಟುಕೊಂಡು ಹೊರಬರುತ್ತವೆ. ಕೊನೆಗೆ ಉಳಿಯುವ ಲ್ಯಾಕ್ಟಿಕ್ ಆಮ್ಲ ನಮಗೆ ಪರಕೀಯವಲ್ಲ. ಮೆಟ್ಟಿಲು ಹತ್ತಿ ದಣಿದಾಗ ನಮ್ಮ ಸ್ನಾಯುಗಳೂ ಅದನ್ನೇ ಹುಟ್ಟಿಸುತ್ತವೆ. ದೇಹ ಅದನ್ನು ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗಿಸಿ ಹೊರಹಾಕುತ್ತದೆ.

ಎಷ್ಟು ಕಾಲದಲ್ಲಿ ಎಂಬುದು ಪಾಕದ ಮೇಲೆ ಹೋಗುತ್ತದೆ. ಲ್ಯಾಕ್ಟಿಕ್ ಮತ್ತು ಗ್ಲೈಕಾಲಿಕ್ ಆಮ್ಲಗಳನ್ನು ಅರ್ಧಕ್ಕರ್ಧ ಸೇರಿಸಿದರೆ ಒಂದೆರಡು ತಿಂಗಳು. 85ಕ್ಕೆ 15ರ ಪ್ರಮಾಣದಲ್ಲಾದರೆ ಐದಾರು ತಿಂಗಳು. ಹರಳುಗಟ್ಟಿದ ಶುದ್ಧ ಪಾಲಿಲ್ಯಾಕ್ಟಿಕ್ ಆಮ್ಲವಾದರೆ ವರ್ಷಗಳೇ ಹಿಡಿಯುತ್ತವೆ. ಕಾಗದದ ಮೇಲೆ ಇದು ವರದಾನದಂತೆ ಕಾಣುತ್ತದೆ: ಬೇಕಾದ ಅವಧಿ ಹೇಳಿ, ಆ ಪಾಕ ಮಾಡಿಕೊಡುತ್ತೇವೆ. ದೇಹದೊಳಗೆ ಹೋದಾಗ ಏನಾಯಿತು ಎಂಬುದೇ ಈ ವಿಷಯದ ತಿರುಳು. ಅಲ್ಲಿ ಸ್ವಲ್ಪ ನಿಲ್ಲೋಣ.

1984ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಪೆಂಟಿ ರೊಕ್ಕನೆನ್ ಮತ್ತು ಅವರ ತಂಡ ಮುರಿದ ಹರಡಿನ ಮೂಳೆಗಳಿಗೆ ಲೋಹದ ಬದಲು ಕರಗುವ ಕಡ್ಡಿಗಳನ್ನು ಹಾಕಲು ಶುರುಮಾಡಿತು. ಮೂಳೆ ಚೆನ್ನಾಗಿಯೇ ಕೂಡಿತು. ಸ್ಕ್ರೂ ತೆಗೆಸಲು ಎರಡನೇ ಆಪರೇಷನ್ ಬೇಡವಾಯಿತು. ಆದರೆ ಎರಡು ಮೂರು ತಿಂಗಳಾದ ಮೇಲೆ ಕೆಲವರ ಹರಡು ಕೆಂಪಾಗಿ ಊದಿಕೊಂಡಿತು, ಕೆಲವರಲ್ಲಿ ಒಡೆದು ದ್ರವ ಸೋರಿತು. ಪರೀಕ್ಷಿಸಿದರೆ ಬ್ಯಾಕ್ಟೀರಿಯಾ ಇಲ್ಲ. ಪಾಲಿಗ್ಲೈಕಾಲಿಕ್ ಆಮ್ಲದ ಕಡ್ಡಿ ಬಹಳ ಬೇಗ ಕರಗಿ, ಆ ಚೂರುಗಳನ್ನು ಸಾಗಿಸುವ ಕೆಲಸ ಅಕ್ಕಪಕ್ಕದ ಅಂಗಾಂಶದ ಕೈಮೀರಿತ್ತು. ಅದೇ ತಂಡದ ಓಲೆ ಬೋಸ್ಟ್‌ಮನ್ ಈ ತೊಂದರೆಗಳನ್ನು ಮುಚ್ಚಿಡದೆ ವರ್ಷಗಟ್ಟಲೆ ದಾಖಲಿಸಿ ಪ್ರಕಟಿಸಿದರು. ತಮ್ಮದೇ ವಿಧಾನದ ಕೊರತೆಯನ್ನು ಹೀಗೆ ಲೋಕದ ಮುಂದಿಟ್ಟದ್ದರಿಂದ ಈ ಕ್ಷೇತ್ರ ಎಷ್ಟೋ ತಪ್ಪುಗಳಿಂದ ಪಾರಾಯಿತು ಎಂಬುದು ನನ್ನ ನಂಬಿಕೆ.

ಬೇಗ ಕರಗಿದರೆ ತೊಂದರೆ, ಹಾಗಾದರೆ ನಿಧಾನವಾಗಿ ಕರಗುವುದನ್ನು ಹಾಕೋಣ ಎಂದು ನೆದರ್ಲೆಂಡ್ಸಿನ ವೈದ್ಯರು ಮುರಿದ ಕೆನ್ನೆಮೂಳೆಗೆ ಶುದ್ಧ ಪಾಲಿಲ್ಯಾಕ್ಟಿಕ್ ಆಮ್ಲದ ಪ್ಲೇಟು, ಸ್ಕ್ರೂಗಳನ್ನು ಬಳಸಿದರು. ಹತ್ತು ಮಂದಿ ರೋಗಿಗಳು. ಎಲ್ಲರ ಮೂಳೆಯೂ ಸರಿಯಾಗಿ ಕೂಡಿತು. ಯಾರಿಗೂ ತೊಂದರೆಯಿಲ್ಲ. ಒಂದು ವರ್ಷಕ್ಕೋ ಎರಡು ವರ್ಷಕ್ಕೋ ವರದಿ ಬರೆದು ಮುಗಿಸಿದ್ದರೆ ಅದೊಂದು ಪೂರ್ಣ ಯಶಸ್ಸಿನ ಕಥೆಯಾಗುತ್ತಿತ್ತು. ಸುಮಾರು ಮೂರು ವರ್ಷದ ಹೊತ್ತಿಗೆ ಕೆಲವರು ಕೆನ್ನೆ ಊದಿದೆ ಎಂದು ಮರಳಿ ಬಂದರು. ವೈದ್ಯರು ಉಳಿದವರನ್ನೂ ಕರೆಸಿದರು; ಅವರಲ್ಲೂ ಕೆಲವರಿಗೆ ಊತವಿತ್ತು. ಮತ್ತೆ ತೆರೆದು ನೋಡಿದಾಗ ಪ್ಲೇಟಿನ ಗಟ್ಟಿ ಹರಳಿನ ಚೂರುಗಳು ಹಾಗೇ ಉಳಿದಿದ್ದವು, ಸುತ್ತಲೂ ಅವನ್ನು ನುಂಗಲು ಹೆಣಗುತ್ತಿರುವ ಕೋಶಗಳು. ಐದು ವರ್ಷ ದಾಟಿದ ಮೇಲೂ ಚೂರುಗಳು ಸಂಪೂರ್ಣ ಹೋಗಿರಲಿಲ್ಲ. ಪಾಲಿಮರ್‌ನ ಹರಳುಗಟ್ಟದ ಭಾಗವನ್ನು ನೀರು ಮೊದಲು ಕರಗಿಸುತ್ತದೆ. ಒತ್ತೊತ್ತಾಗಿ ಜೋಡಣೆಗೊಂಡ ಹರಳು ಭಾಗಕ್ಕೆ ಅದು ನುಗ್ಗಲಾರದು. 1993 ಮತ್ತು 1995ರ ಈ ವರದಿಗಳನ್ನು ಜೈವಿಕ ವಸ್ತುಗಳ ವಿದ್ಯಾರ್ಥಿಗಳಿಗೆ ಮೊದಲ ಪಾಠವಾಗಿ ಇಡಬೇಕು.

ದಪ್ಪ ತುಂಡುಗಳಲ್ಲಿ ಮತ್ತೊಂದು ವಿಚಿತ್ರ ನಡೆಯುತ್ತದೆ. ಹೊರಮೈಯಲ್ಲಿ ಹುಟ್ಟಿದ ಆಮ್ಲ ತೊಳೆದು ಹೋಗುತ್ತದೆ, ಒಳಗೆ ಹುಟ್ಟಿದ್ದು ಸಿಕ್ಕಿಹಾಕಿಕೊಳ್ಳುತ್ತದೆ. ಆ ಆಮ್ಲವೇ ಕೊಂಡಿ ಕಡಿಯುವ ಕೆಲಸವನ್ನು ಇನ್ನಷ್ಟು ಚುರುಕಾಗಿಸುತ್ತದೆ. ಹೀಗಾಗಿ ಹೊರಗೆ ಗಟ್ಟಿ, ಒಳಗೆ ಟೊಳ್ಳು. ಒಂದು ದಿನ ಹೊರಪದರ ಒಡೆದು ಒಳಗಿನ ಆಮ್ಲವೆಲ್ಲ ಒಟ್ಟಿಗೆ ಚೆಲ್ಲಿ, ಆಗತಾನೇ ಕಟ್ಟಿಕೊಳ್ಳುತ್ತಿರುವ ಮೂಳೆಯನ್ನು ಸುಡುತ್ತದೆ. ಫ್ರಾನ್ಸಿನ ಮಿಷೆಲ್ ವೆರ್ ಮತ್ತವರ ಬಳಗ ಇದನ್ನು ವಿವರವಾಗಿ ಬಿಡಿಸಿ ತೋರಿಸಿತು.

ಈ ಪಾಠಗಳಿಂದ ಕೆಲವು ಗೆಲುವುಗಳೂ ಬಂದವು. ಕೆಲವು ಎಳೆಯ ಮಕ್ಕಳಲ್ಲಿ ತಲೆಬುರುಡೆಯ ಸಂದುಗಳು ಅವಧಿಗೆ ಮುನ್ನ ಬೆಸೆದುಕೊಂಡುಬಿಡುತ್ತವೆ. ಬುರುಡೆಯನ್ನು ಕತ್ತರಿಸಿ ಮರುಜೋಡಿಸಬೇಕಾಗುತ್ತದೆ. ಲೋಹದ ಪ್ಲೇಟ್ ಹಾಕಿದರೆ ಬೆಳೆಯುವ ಬುರುಡೆಯಲ್ಲಿ ಅದು ಕ್ರಮೇಣ ಒಳಗೆ, ಮಿದುಳಿನ ಕಡೆಗೆ ಸರಿಯುತ್ತದೆ. ಇಲ್ಲಿ 82ಕ್ಕೆ 18ರ ಪ್ರಮಾಣದಲ್ಲಿ ಲ್ಯಾಕ್ಟಿಕ್ ಮತ್ತು ಗ್ಲೈಕಾಲಿಕ್ ಆಮ್ಲ ಸೇರಿಸಿದ ಪ್ಲೇಟುಗಳು 1996ರಿಂದ ಬಳಕೆಯಲ್ಲಿವೆ. ಮಗುವಿನ ಮೂಳೆ ಕೆಲವೇ ವಾರಗಳಲ್ಲಿ ಕೂಡುತ್ತದೆ, ಪ್ಲೇಟು ಸುಮಾರು ಒಂದು ವರ್ಷದಲ್ಲಿ ಕರಗುತ್ತದೆ. ಬುರುಡೆಯ ಮೇಲೆ ದೇಹದ ಭಾರ ಬೀಳುವುದಿಲ್ಲ. ಕಾಲಾವಧಿ, ಭಾರ, ಜಾಗ ಮೂರೂ ಹೊಂದಿಕೊಂಡ ಅಪರೂಪದ ಉದಾಹರಣೆ ಇದು.

ಈವರೆಗೆ ಹೇಳಿದ್ದು ಪ್ಲೇಟು, ಕಡ್ಡಿಗಳ ಮಾತು. ಹಂದರದ ಕೆಲಸ ಇನ್ನೂ ಸೂಕ್ಷ್ಮ. ಅದರ ಬಹುಭಾಗ ಖಾಲಿ ಜಾಗವೇ ಆಗಿರಬೇಕು, ಏಕೆಂದರೆ ಮೂಳೆ ಬೆಳೆಯಬೇಕಾದದ್ದು ಆ ಖಾಲಿಯಲ್ಲಿ. ರಂಧ್ರಗಳು ತೀರ ಚಿಕ್ಕದಾದರೆ ಕೋಶ ಹೊಕ್ಕೀತು, ರಕ್ತನಾಳ ಹೊಗದು. ಸುಮಾರು 300 ಮೈಕ್ರಾನ್, ಅಂದರೆ ಮಿಲಿಮೀಟರಿನ ಮೂರನೆಯ ಒಂದು ಭಾಗದಷ್ಟಾದರೂ ಅಗಲವಿದ್ದರೆ ನಾಳಗಳು ಸಲೀಸಾಗಿ ಹಬ್ಬುತ್ತವೆ. ರಂಧ್ರಗಳು ಒಂದರಿಂದೊಂದಕ್ಕೆ ದಾರಿ ತೆರೆದಿರಲೇಬೇಕು. ಮೂಳೆ ಒಣಕಲು ವಸ್ತುವೆಂದು ಭಾವಿಸಿದವರು ಇಲ್ಲೇ ಎಡವುತ್ತಾರೆ. ಅದರ ಯಾವ ಕೋಶವೂ ರಕ್ತನಾಳದಿಂದ ಕೂದಲೆಳೆಯ ದಪ್ಪದ ಎರಡು ಮೂರು ಪಾಲಿಗಿಂತ ಹೆಚ್ಚು ದೂರದಲ್ಲಿ ಬದುಕಲಾರದು. ಗಾಜಿನ ತಟ್ಟೆಯಲ್ಲಿ ಬೆಳೆಸಿದ ತೆಳು ತುಂಡಿನಲ್ಲಿ ಕೋಶಗಳು ನಳನಳಿಸುತ್ತವೆ. ಅದನ್ನೇ ಹೆಬ್ಬೆರಳ ಗಾತ್ರಕ್ಕೆ ಹಿಗ್ಗಿಸಿದರೆ ನಡುಭಾಗ ಉಸಿರುಕಟ್ಟಿ ಸಾಯುತ್ತದೆ. ಇಲಿಯ ತಲೆಬುರುಡೆಯ ಐದು ಮಿಲಿಮೀಟರ್ ರಂಧ್ರ ತುಂಬಿದ ಎಷ್ಟೋ ಹಂದರಗಳು ಮನುಷ್ಯರ ಕಾಲಿನವರೆಗೆ ಬರದೇ ಹೋದದ್ದಕ್ಕೆ ಇದೇ ಮುಖ್ಯ ಕಾರಣ.

ರಂಧ್ರ ಮಾಡುವ ಮೊದಮೊದಲ ಉಪಾಯಗಳಲ್ಲೊಂದು ನನಗೆ ಬಹಳ ಇಷ್ಟ. ಅಡುಗೆಮನೆಯ ಉಪ್ಪನ್ನು ಜರಡಿ ಹಿಡಿದು ಬೇಕಾದ ಗಾತ್ರದ ಹರಳುಗಳನ್ನು ಆರಿಸುವುದು, ದ್ರಾವಣ ರೂಪದ ಪಾಲಿಮರ್‌ಗೆ ಕಲಸುವುದು, ಗಟ್ಟಿಯಾದ ಮೇಲೆ ನೀರಿನಲ್ಲಿ ನೆನೆಹಾಕುವುದು. ಉಪ್ಪು ಕರಗಿ ಹೋದಲ್ಲೆಲ್ಲ ರಂಧ್ರ. ರಾಬರ್ಟ್ ಲ್ಯಾಂಗರ್ ಮತ್ತು ಜೋಸೆಫ್ ವಕಾಂಟಿ 1993ರಲ್ಲಿ ಅಂಗಾಂಶ ಎಂಜಿನಿಯರಿಂಗ್ ಎಂಬ ಕ್ಷೇತ್ರದ ರೂಪರೇಖೆಯನ್ನು ಲೋಕಕ್ಕೆ ಪರಿಚಯಿಸಿದ ಕಾಲದಲ್ಲಿ ಅಂಟೋನಿಯೋಸ್ ಮಿಕೋಸ್ ಮುಂತಾದವರು ಈ ವಿಧಾನವನ್ನು ಬೆಳೆಸಿದರು. ಇಂದು ಸಿ.ಟಿ. ಸ್ಕ್ಯಾನ್ ನೋಡಿ ರೋಗಿಯ ಅಂತರದ ಅಳತೆಗೇ ಸರಿಯಾಗಿ ತ್ರಿಡಿ ಪ್ರಿಂಟರ್‌ನಲ್ಲಿ ಎಳೆ ಎಳೆಯಾಗಿ ಹಂದರ ಕಟ್ಟಬಹುದು.

ಪ್ರಿಂಟರ್‌ಗೆ ಹೇಳಿ ಮಾಡಿಸಿದಂಥ ಪಾಲಿಮರ್ ಪಾಲಿಕ್ಯಾಪ್ರೊಲ್ಯಾಕ್ಟೋನ್. ಎಲ್ಲರೂ ಪಿಸಿಎಲ್ ಎನ್ನುತ್ತಾರೆ. 60 ಡಿಗ್ರಿಗೆ ಕರಗುತ್ತದೆ, ಗಡಸಲ್ಲ, ಬಾಗುತ್ತದೆ. ನೀರಿಗೆ ಬೇಗ ಬಗ್ಗುವುದಿಲ್ಲವಾದ್ದರಿಂದ ದೇಹದಿಂದ ಪೂರ್ತಿ ಹೋಗಲು ಎರಡು ಮೂರು ವರ್ಷ ಹಿಡಿಯುತ್ತದೆ. ಆಮ್ಲವೂ ನಿಧಾನವಾಗಿ ಹುಟ್ಟುತ್ತದೆ. ಇದಕ್ಕೆ ಮೂಳೆಯ ಖನಿಜದ ಹತ್ತಿರದ ಸಂಬಂಧಿಯಾದ ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಬೆರೆಸಿದರೆ ಕೋಶಗಳು ಚೆನ್ನಾಗಿ ಅಂಟಿಕೊಳ್ಳುತ್ತವೆ. ಸಿಂಗಪುರದಲ್ಲಿ ಡೀಟ್ಮಾರ್ ಹುಟ್ಮಾಕರ್ ಮತ್ತು ಸ್ವೀ ಹಿನ್ ಟಿಯೋ ಅವರ ತಂಡಗಳು ಇದರ ಮೇಲೆ ವರ್ಷಗಟ್ಟಲೆ ದುಡಿದವು. ಅದರಿಂದ ಹುಟ್ಟಿದ ಆಸ್ಟಿಯೋಪೋರ್ ಕಂಪನಿಯ ಪಿಸಿಎಲ್ ಬಿಲ್ಲೆಗೆ 2006ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಮಿದುಳಿನ ಮೇಲೆ ಹೆಪ್ಪುಗಟ್ಟಿದ ರಕ್ತ ತೆಗೆಯಲು ತಲೆಬುರುಡೆಗೆ ಕೊರೆದ ರಂಧ್ರವನ್ನು ಮುಚ್ಚುವ ಬಿಲ್ಲೆ ಅದು. ಇಲ್ಲೂ ಅಷ್ಟೇ: ಸಣ್ಣ ಜಾಗ, ಭಾರವಿಲ್ಲ, ಸುತ್ತಲೂ ಒಳ್ಳೆಯ ರಕ್ತಸಂಚಾರ.

ಪಿಸಿಎಲ್ ತನ್ನ ನಿಧಾನದಿಂದಲೇ ಜೀವ ಉಳಿಸಿದ ಒಂದು ಪ್ರಸಂಗ ಮೂಳೆಗೆ ಸಂಬಂಧಿಸಿದ್ದಲ್ಲವಾದರೂ ಹೇಳಲೇಬೇಕು. 2012ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಗ್ಲೆನ್ ಗ್ರೀನ್ ಮತ್ತು ಸ್ಕಾಟ್ ಹಾಲಿಸ್ಟರ್, ಶ್ವಾಸನಾಳ ಪದೇ ಪದೇ ಕುಸಿದು ಉಸಿರು ನಿಲ್ಲುತ್ತಿದ್ದ ಪುಟ್ಟ ಮಗುವಿಗೆ ಪಿಸಿಎಲ್‌ನಲ್ಲಿ ಪ್ರಿಂಟ್ ಮಾಡಿದ ಚಿಕ್ಕ ತೊಡುಗೆಯೊಂದನ್ನು ನಾಳದ ಸುತ್ತ ಹೊಲಿದರು. ಸುಮಾರು ಮೂರು ವರ್ಷದಲ್ಲಿ ಅದು ಕರಗುವ ಹೊತ್ತಿಗೆ ಮಗುವಿನ ನಾಳ ತಾನೇ ಗಟ್ಟಿಯಾಗಬೇಕೆಂಬುದು ಲೆಕ್ಕ. ಕೆಲವೇ ವಾರಗಳಲ್ಲಿ ಮಗು ಯಂತ್ರದ ಆಸರೆಯಿಲ್ಲದೆ ಉಸಿರಾಡಿತು.

ಅದೇ ಹಾಲಿಸ್ಟರ್ ಪಾಲ್ಗೊಂಡ ಇನ್ನೊಂದು ಯತ್ನದಲ್ಲಿ ಅದೇ ನಿಧಾನ ಮುಳುವಾಯಿತು. ವಸಡಿನ ರೋಗದಿಂದ ಹಲ್ಲಿನ ಸುತ್ತಲಿನ ಮೂಳೆ ಕಳೆದುಕೊಂಡ ರೋಗಿಯೊಬ್ಬರಿಗೆ ಇಟಲಿಯಲ್ಲಿ ಪಿಸಿಎಲ್ ಹಂದರ ಕೂರಿಸಿದರು. ಹನ್ನೆರಡು ತಿಂಗಳು ಎಲ್ಲ ಚೆನ್ನಾಗಿತ್ತು. ಹದಿಮೂರನೆಯ ತಿಂಗಳು ವಸಡು ಬಿಟ್ಟುಕೊಂಡು ಹಂದರ ಬಾಯಿಗೆ ತೆರೆದುಕೊಂಡಿತು, ಕೊನೆಗೆ ತೆಗೆಯಬೇಕಾಯಿತು. ಪಾಲಿಮರ್‌ನ ಬಹುಪಾಲು ಇನ್ನೂ ಹಾಗೇ ಇತ್ತು. ಅದು ಬಿಟ್ಟುಕೊಡಬೇಕಿದ್ದ ಜಾಗದಲ್ಲಿ ಮೂಳೆ ತುಂಬಿರಲಿಲ್ಲ. 2015ರಲ್ಲಿ ಆ ತಂಡ ಈ ಸೋಲನ್ನು ಹಾಗೆಯೇ ಪ್ರಕಟಿಸಿತು. ಶ್ವಾಸನಾಳಕ್ಕೆ ಮೂರು ವರ್ಷದ ಆಸರೆ ಬೇಕಿತ್ತು; ವಸಡಿಗೆ ಅದು ಅತಿಯಾಯಿತು. ವಸ್ತು ಒಂದೇ ಆದರೂ ಗಡಿಯಾರ ಬೇರೆ.

ಹೃದ್ರೋಗ ಕ್ಷೇತ್ರ ಇದೇ ಪಾಠಕ್ಕೆ ದೊಡ್ಡ ಬೆಲೆ ತೆತ್ತಿತು. ಪಾಲಿಲ್ಯಾಕ್ಟಿಕ್ ಆಮ್ಲದ ಕರಗುವ ಸ್ಟೆಂಟ್‌ಗೆ ಎಫ್‌ಡಿಎ ಒಪ್ಪಿಗೆ ಸಿಕ್ಕಿದ್ದು 2016ರಲ್ಲಿ. ಲೋಹದ ಸ್ಟೆಂಟ್‌ಗಿಂತ ಅದರಲ್ಲಿ ರಕ್ತ ಹೆಪ್ಪುಗಟ್ಟುವುದು ಹೆಚ್ಚೆಂದು ಕಂಡುಬಂದು 2017ರಲ್ಲೇ ತಯಾರಕರಾದ ಅಬಾಟ್ ಮಾರಾಟ ನಿಲ್ಲಿಸಿದರು.

ಭಾರ ಹೊರುವ ಕಾಲಿನ ಮೂಳೆಗೆ ಬಂದರೆ ಸವಾಲು ಮತ್ತೂ ಹೆಚ್ಚು. ನಮ್ಮ ಗಟ್ಟಿ ಮೂಳೆಯ ಬಿಗಿತ ಪಿಸಿಎಲ್‌ನ ಬಿಗಿತಕ್ಕಿಂತ ಹತ್ತಾರು ಪಟ್ಟು ಜಾಸ್ತಿ. ಹಾಗಾಗಿ ಹಂದರ ಒಂದೇ ಭಾರ ಹೊರಲಾರದು, ಪಕ್ಕದಲ್ಲಿ ರಾಡೋ ಪ್ಲೇಟೋ ಇರಲೇಬೇಕು. ಆದರೆ ಅವನ್ನು ಮಾಡುವ ಟೈಟಾನಿಯಂ ಮೂಳೆಗಿಂತ ಐದಾರು ಪಟ್ಟು ಬಿಗಿ. ಅದು ಎಲ್ಲ ಭಾರವನ್ನೂ ತಾನೇ ಹೊತ್ತುಬಿಟ್ಟರೆ ಹೊಸ ಮೂಳೆಗೆ ಬೆಳೆಯುವ ಪ್ರಚೋದನೆಯೇ ಇರುವುದಿಲ್ಲ. ಭಾರ ಬಿದ್ದಲ್ಲಿ ಮೂಳೆ ಗಟ್ಟಿಯಾಗುತ್ತದೆ, ಬೀಳದಲ್ಲಿ ಸವೆಯುತ್ತದೆ ಎಂದು ಜರ್ಮನಿಯ ಯೂಲಿಯಸ್ ವೋಲ್ಫ್ 1892ರಲ್ಲೇ ಬರೆದಿದ್ದರು. ಹೊಸ ಮೂಳೆಗೆ ಭಾರವನ್ನು ಸ್ವಲ್ಪ ಸ್ವಲ್ಪವಾಗಿ ವಹಿಸಿಕೊಡಬೇಕು. ಎಷ್ಟು, ಯಾವಾಗ ಎಂಬುದು ಇನ್ನೂ ಕೈಹಿಡಿತಕ್ಕೆ ಬಂದಿಲ್ಲ.

ಆದರೂ ಧೈರ್ಯ ಮಾಡಿದವರಿದ್ದಾರೆ. 2017ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ, ಸೋಂಕಿನಿಂದ ಟಿಬಿಯಾದ ಒಂದು ಅಡಿಗೂ ಹೆಚ್ಚು ಭಾಗ ಕಳೆದುಕೊಂಡಿದ್ದ ಯುವಕನಿಗೆ ಸರ್ಜನ್ ಮೈಕಲ್ ವೇಗಲ್ಸ್ ನೇತೃತ್ವದಲ್ಲಿ ಪ್ರಿಂಟ್ ಮಾಡಿದ ಉದ್ದನೆಯ ಹಂದರ ಕೂರಿಸಿದರು. ಕಾಲು ಕತ್ತರಿಸುವುದು ಬಿಟ್ಟರೆ ಬೇರೆ ದಾರಿ ಕಡಿಮೆಯಿದ್ದ ರೋಗಿ. ಬರೀ ಹಂದರವಿಟ್ಟು ಹೊಲಿಗೆ ಹಾಕಲಿಲ್ಲ. ರಕ್ತನಾಳಗಳಿರುವ ಜೀವಂತ ಅಂಗಾಂಶವನ್ನು ಅದಕ್ಕೆ ಸುತ್ತಿದರು. 2022ರಲ್ಲಿ ಜರ್ಮನಿಯ ವೈದ್ಯರು ಪ್ರಕಟಿಸಿದ ನಾಲ್ಕು ರೋಗಿಗಳ ವರದಿಯಲ್ಲೂ ಹಂದರದ ಜೊತೆಗೆ ರೋಗಿಯದೇ ಮೂಳೆಯ ಚೂರುಗಳನ್ನು ತುಂಬಿದ್ದರು. ನನ್ನ ದೃಷ್ಟಿಯಲ್ಲಿ ನಂಬಲರ್ಹವಾದ ದಾರಿ ಇದು. ಹಂದರ ಮೂಳೆಯ ಬದಲಿಯಾಗಲಾರದು. ಸಿಕ್ಕಷ್ಟು ಮೂಳೆಯ ಚೂರುಗಳನ್ನು ದೊಡ್ಡ ಜಾಗದಲ್ಲಿ ಹರಡಿ ಹಿಡಿದು, ಕುಸಿಯದಂತೆ, ಕರಗಿಹೋಗದಂತೆ ಕಾಯುವ ಕೆಲಸ ಅದರದು.

ಬೆಳವಣಿಗೆಯನ್ನು ಚುರುಕುಗೊಳಿಸುವ ಪ್ರೋಟೀನನ್ನೇ ಹಂದರಕ್ಕೆ ಸವರಿದರಾಯಿತಲ್ಲ ಎಂದು ಕೇಳಬಹುದು. ಅಮೆರಿಕದ ಮಾರ್ಷಲ್ ಯೂರಿಸ್ಟ್ 1965ರಲ್ಲಿ ಖನಿಜ ತೆಗೆದ ಮೂಳೆಯನ್ನು ಪ್ರಾಣಿಗಳ ಸ್ನಾಯುವಿನೊಳಗೆ ಇಟ್ಟಾಗ ಅಲ್ಲೂ ಮೂಳೆ ಹುಟ್ಟಿತು. ಅದಕ್ಕೆ ಕಾರಣವಾದ ಪ್ರೋಟೀನುಗಳಿಗೆ ಬಿಎಂಪಿ ಎಂದು ಹೆಸರಾಯಿತು. 2002ರಲ್ಲಿ ಬಿಎಂಪಿ-2 ಬೆನ್ನುಮೂಳೆಯ ಶಸ್ತ್ರಚಿಕಿತ್ಸೆಗೆ ಬಂತು. ಒಪ್ಪಿಗೆಯಿಲ್ಲದ ಜಾಗಗಳಲ್ಲೂ ಬಳಕೆ ಹಬ್ಬಿ, ಕುತ್ತಿಗೆಯಲ್ಲಿ ಬಳಸಿದಾಗ ಪ್ರಾಣಾಪಾಯದ ಊತ ಬರಬಹುದೆಂದು 2008ರಲ್ಲಿ ಎಫ್‌ಡಿಎ ಎಚ್ಚರಿಸಿತು. ಕಂಪನಿಯ ಹಣದಿಂದ ನಡೆದ ಮೊದಲ ಅಧ್ಯಯನಗಳು ಅಡ್ಡಪರಿಣಾಮಗಳನ್ನು ಬಹಳ ಕಡಿಮೆ ತೋರಿಸಿದ್ದವೆಂದು 2011ರಲ್ಲಿ ಬೆನ್ನುಮೂಳೆ ತಜ್ಞರ ಪತ್ರಿಕೆಯೇ ಬಯಲಿಗೆಳೆಯಿತು. ದೇಹದಲ್ಲಿ ಈ ಪ್ರೋಟೀನು ಸೂಕ್ಷ್ಮ ಪ್ರಮಾಣದಲ್ಲಿ, ಬೇಕಾದ ಜಾಗದಲ್ಲಿ, ಬೇಕಾದ ಹೊತ್ತಿಗೆ ಬರುತ್ತದೆ. ನಾವು ಮಿಲಿಗ್ರಾಂ ಲೆಕ್ಕದಲ್ಲಿ ಒಮ್ಮೆಲೇ ಸುರಿಯುತ್ತೇವೆ.

ನಮ್ಮ ದೇಶದಲ್ಲೂ ಹಂದರಗಳ ಮೇಲಿನ ಕೆಲಸ ಚೆನ್ನಾಗಿ ನಡೆಯುತ್ತಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೌಶಿಕ್ ಚಟರ್ಜಿ ಅವರ ಪ್ರಯೋಗಾಲಯ ಪಿಸಿಎಲ್‌ಗೆ ಗ್ರ್ಯಾಫೀನ್ ಮತ್ತು ಸ್ಟ್ರಾಂಷಿಯಂ ಕಣಗಳನ್ನು ಸೇರಿಸಿ, ಪ್ರೋಟೀನಿನ ಗೋಜಿಲ್ಲದೆ ಕೋಶಗಳನ್ನು ಮೂಳೆಯ ಕಡೆಗೆ ತಿರುಗಿಸುವ ಹಂದರಗಳನ್ನು ರೂಪಿಸಿದೆ. ಅದೇ ಸಂಸ್ಥೆಯಲ್ಲಿ ದುಡಿದ ಬಿಕ್ರಮ್‌ಜಿತ್ ಬಸು ಮೂಳೆಗೆ ಹೊಂದುವ ಸಿರಾಮಿಕ್ ವಸ್ತುಗಳಲ್ಲಿ ಹೆಸರಾದವರು. ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆ ಮೂಳೆ ತುಂಬುವ ಸಿರಾಮಿಕ್‌ಗಳನ್ನು ದಶಕಗಳಿಂದ ಬೆಳೆಸಿದೆ.

ನನ್ನ ಕುತೂಹಲ ಹೆಚ್ಚಾಗಿ ರೇಷ್ಮೆಯ ಮೇಲಿದೆ. ರೇಷ್ಮೆಯೂ ಪಾಲಿಮರೇ, ಹುಳು ನೂತ ಪ್ರೋಟೀನು. ಗೂಡಿನ ಅಂಟನ್ನು ಬೇಯಿಸಿ ತೆಗೆದರೆ ಉಳಿಯುವ ಫೈಬ್ರೋಯಿನ್ ಗಟ್ಟಿ, ದೇಹಕ್ಕೆ ಒಗ್ಗುವಂಥದ್ದು, ಕರಗುವಾಗ ಆಮ್ಲ ಹುಟ್ಟಿಸುವುದಿಲ್ಲ. ಅಮೆರಿಕದ ಡೇವಿಡ್ ಕ್ಯಾಪ್ಲನ್, ಖರಗ್‌ಪುರ ಐಐಟಿಯಲ್ಲಿದ್ದ ಸುಭಾಸ್ ಕುಂಡು ಇದರ ಮೇಲೆ ಬಹಳ ದುಡಿದಿದ್ದಾರೆ; ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲೂ ರೇಷ್ಮೆಯಿಂದ ಮೂಳೆ ತುಂಬುವ ವಸ್ತುವಿನ ಕೆಲಸ ನಡೆದಿದೆ. ಹಿಪ್ಪುನೇರಳೆ ರೇಷ್ಮೆಯಲ್ಲಿ ದೇಶಕ್ಕೇ ಮೊದಲಿರುವ ರಾಜ್ಯ ನಮ್ಮದು. ರಾಮನಗರ, ಶಿಡ್ಲಘಟ್ಟದ ಮಾರುಕಟ್ಟೆಗಳಲ್ಲಿ ತೂತಾದ, ಜೋಡಿ ಹುಳುವಿನ ಗೂಡುಗಳು ಕಡಿಮೆ ಬೆಲೆಗೆ ಹೋಗುತ್ತವೆ. ನೂಲು ಬಿಚ್ಚಲು ಬಾರದ ಆ ಗೂಡಿನಲ್ಲೂ ಫೈಬ್ರೋಯಿನ್ ಅದೇ. ಔಷಧ ದರ್ಜೆಗೆ ಬೇಕಾದ ಶುದ್ಧತೆ ಸುಲಭವಲ್ಲ, ಒಂದು ಬೆಳೆಯ ಗೂಡಿಗೂ ಇನ್ನೊಂದರ ಗೂಡಿಗೂ ವ್ಯತ್ಯಾಸವಿರುತ್ತದೆ. ಆದರೂ ರೇಷ್ಮೆ ಇಲಾಖೆ ಮತ್ತು ವೈದ್ಯಕೀಯ ಸಂಶೋಧಕರು ಒಂದೇ ಮೇಜಿನ ಸುತ್ತ ಕೂರಬೇಕಾದ ವಿಷಯ ಇದು.

ಪ್ರಯೋಗಾಲಯದಿಂದ ಆಪರೇಷನ್ ಥಿಯೇಟರಿನವರೆಗಿನ ಹಾದಿ ಉದ್ದ, ಅದು ಹಾಗೇ ಇರಬೇಕು. ನಮ್ಮ 2017ರ ವೈದ್ಯಕೀಯ ಸಾಧನಗಳ ನಿಯಮಗಳಲ್ಲಿ ಅಪಾಯದ ಆಧಾರದ ಮೇಲೆ ಎ, ಬಿ, ಸಿ, ಡಿ ಎಂಬ ವರ್ಗಗಳಿವೆ. ದೇಹದೊಳಗೆ ಉಳಿದು ಅಲ್ಲೇ ಕರಗುವ ವಸ್ತುಗಳು ಅತಿ ಹೆಚ್ಚು ಅಪಾಯದ ಡಿ ವರ್ಗಕ್ಕೆ ಸೇರುತ್ತವೆ. ಇದು ಸರಿಯಾದ ಎಚ್ಚರಿಕೆ. ಆದರೆ ಒಪ್ಪಿಗೆಯ ನಂತರ ಏನು? ಲೋಹದ ರಾಡ್ ಹಾಕಿದ ರೋಗಿಯನ್ನು ಆರು ತಿಂಗಳು, ಒಂದು ವರ್ಷ ನೋಡಿದರೆ ಹೆಚ್ಚಿನ ವಿಷಯ ತಿಳಿಯುತ್ತದೆ. ಕರಗುವ ಹಂದರದ ಕಥೆ ಆಗಿನ್ನೂ ಅರ್ಧಕ್ಕೂ ಬಂದಿರುವುದಿಲ್ಲ.

ಅನುಕೂಲವೆಂದರೆ ಪಾಲಿಮರ್ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಲೋಹ ಮರೆಮಾಡುವ ಹೊಸ ಮೂಳೆಯನ್ನು ಹಂದರ ಮರೆಮಾಡದು, ಬೆಳವಣಿಗೆಯನ್ನು ತಿಂಗಳು ತಿಂಗಳು ಓದಬಹುದು. ತೊಂದರೆಯೂ ಅಲ್ಲೇ ಇದೆ. ಮೂರು ವರ್ಷದ ಮೇಲೆ ರೋಗಿ ಬೇರೆ ಊರಿನ ವೈದ್ಯರ ಮುಂದೆ ಊದಿದ ಕಾಲು ಚಾಚಿ ಕೂತಾಗ, ಒಳಗೊಂದು ವಸ್ತುವಿತ್ತು ಎಂಬುದೇ ಆ ಎಕ್ಸ್‌ರೇಯಿಂದ ಗೊತ್ತಾಗುವುದಿಲ್ಲ. ಸೋಂಕೆಂದು ಆಂಟಿಬಯೋಟಿಕ್ ಬರೆದುಕೊಡಬಹುದು. ಹಲ್ಲಿನ ಕ್ಲಿನಿಕ್ಕುಗಳಲ್ಲಿ ಇವತ್ತು ಮೂಳೆ ತುಂಬುವ ಪುಡಿ, ಕರಗುವ ಪೊರೆಗಳ ಬಳಕೆ ದಿನನಿತ್ಯದ್ದಾಗಿದೆ. ಅಲ್ಲಿಂದ ಹೊರಬಂದ ಎಷ್ಟೋ ಮಂದಿಗೆ ಒಳಗೆ ಇಟ್ಟಿದ್ದೇನೆಂದು ತಿಳಿದಿರುವುದಿಲ್ಲ. ಡಿಸ್ಚಾರ್ಜ್ ಕಾರ್ಡಿನಲ್ಲಿ ‘ಬೋನ್ ಗ್ರಾಫ್ಟ್ ಮಾಡಲಾಗಿದೆ’ ಎಂದಷ್ಟೇ ಬರೆದರೆ ಸಾಲದು. ಯಾವ ಪಾಲಿಮರ್, ಯಾವ ಕಂಪನಿ, ಬ್ಯಾಚ್ ಸಂಖ್ಯೆ ಏನು, ಎಂದು ಇಟ್ಟದ್ದು, ಎಷ್ಟು ಕಾಲದಲ್ಲಿ ಕರಗಬೇಕಾದದ್ದು, ಈ ಐದನ್ನು ಕನ್ನಡದಲ್ಲೇ ಬರೆದು ರೋಗಿಯ ಕೈಗೆ ಕೊಡಬೇಕು. ಕೊಡದಿದ್ದರೆ ರೋಗಿಯ ಮನೆಯವರು ಕೇಳಿ ಬರೆಸಿಕೊಳ್ಳಬೇಕು. ಆ ಕಾಗದವನ್ನು ವರ್ಷಗಟ್ಟಲೆ ಜೋಪಾನವಾಗಿ ಇಟ್ಟುಕೊಳ್ಳಿ.